ನ್ಯೂಜೆರ್ಸಿಯ ಮರಳು ಕಾಡಿನಲ್ಲಿ ರೈತರು ಕಟ್ಟಿದ ಸಿನಗಾಗ್: ಯಾರಾದರೂ ನೋಡಿದ್ದೀರಾ?

ಎಡಿಸನ್_ರಾಘು

ಎಲ್ಲರಿಗೂ ನಮಸ್ಕಾರ. ಇದನ್ನು ಪ್ರವಾಸದ ವಿಭಾಗಕ್ಕೆ ಹಾಕಬೇಕೋ ಕೃಷಿ ವಿಭಾಗಕ್ಕೋ ಗೊತ್ತಾಗಲಿಲ್ಲ. ಕೃಷಿಗೇ ಹಾಕಿದ್ದೇನೆ.

ಹೋದ ವಾರ ಮನೆಮಂದಿಯೆಲ್ಲ ಕೇಪ್ ಮೇ ಬೀಚಿಗೆ ಹೊರಟಿದ್ದೆವು. ಹೆದ್ದಾರಿಯಲ್ಲಿ ಗಾಡಿ ಜಾಸ್ತಿ. ನಾನು ಒಳದಾರಿ ಹಿಡಿದೆ, ಹೆಂಡತಿ ಬೈದಳು. ಎರಡೂ ಕಡೆ ಪೈನ್ ಮರ, ಕುರುಚಲು ಓಕ್. ಬುಡದಲ್ಲಿ ನಮ್ಮ ಹೊಳೆದಂಡೆಯ ಹಾಗೆ ಬಿಳಿ ಮರಳು. ಆಮೇಲೆ ವುಡ್‌ಬೈನ್ ಅನ್ನೋ ಸಣ್ಣ ಊರು ಬಂತು. ಅಲ್ಲಿ ವಾಷಿಂಗ್ಟನ್ ಅವೆನ್ಯೂ ಪಕ್ಕಕ್ಕೆ ಒಂದು ಕೆಂಪು ಇಟ್ಟಿಗೆಯ ಕಟ್ಟಡ. ಮಗನಿಗೆ ಟಾಯ್ಲೆಟ್ ಬೇಕಿತ್ತು, ಹಾಗಾಗಿ ನಿಲ್ಲಿಸಿದೆ. ನಿಂತಿದ್ದು ಎರಡು ಗಂಟೆ.

ಅದು ಬ್ರದರ್‌ಹುಡ್ ಸಿನಗಾಗ್. ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. 1896ರದ್ದು. ಇಟ್ಟಿಗೆಯನ್ನು ಅದೇ ಊರಿನ ಮಣ್ಣಿನಲ್ಲಿ ಸುಟ್ಟಿದ್ದಾರೆ. ಕಟ್ಟಿಸಿದವರು ನ್ಯೂಯಾರ್ಕಿನ ಸಾಹುಕಾರರಲ್ಲ. ರಷ್ಯಾ ಬಿಟ್ಟು ಬಂದು ಇಲ್ಲಿ ಬೇಸಾಯಕ್ಕೆ ಇಳಿದ ಜನ. ಕೆಳಗಿನ ಮಟ್ಟದಲ್ಲಿ ಈಗ ಊರಿನ ಇತಿಹಾಸದ ಮ್ಯೂಸಿಯಂ ಇದೆ, ಸ್ಯಾಮ್ ಅಝೀಜ್ ಹೆಸರಿನಲ್ಲಿ. ಮೇಲೆ ಪ್ರಾರ್ಥನೆಯ ಹಾಲ್. ಅದರ ಮೇಲೆ ಹೆಂಗಸರು ಕೂರುವ ಉಪ್ಪರಿಗೆ.

ನಾನು ಇಷ್ಟು ದಿನ ಯಹೂದಿ ಅಂದರೆ ವಜ್ರ, ಬ್ಯಾಂಕು, ಡಾಕ್ಟರು, ವಕೀಲರು ಅಂದುಕೊಂಡಿದ್ದೆ. ಗುದ್ದಲಿ ಹಿಡಿದವರನ್ನು ನೆನೆಸಿಯೂ ಇರಲಿಲ್ಲ. ಇದರ ಬಗ್ಗೆ ಗೊತ್ತಿದ್ದವರು ಇಲ್ಲಿ ಇದ್ದೀರಾ?

ಹಳೇಮೈಸೂರು_ಮೇಷ್ಟ್ರು

ರಾಘು ಅವರೇ, ಒಳ್ಳೆ ಊರಿಗೇ ದಾರಿ ತಪ್ಪಿದ್ದೀರಿ. ನಾನು ಮಗಳ ಮನೆಗೆ ಬಂದಾಗ ಆರು ತಿಂಗಳು ಲೈಬ್ರರಿಯಲ್ಲೇ ಕೂತಿದ್ದವನು. ಸ್ವಲ್ಪ ಹೇಳುತ್ತೇನೆ. ಉದ್ದ ಆದರೆ ಕ್ಷಮಿಸಿ, ಪಾಠ ಮಾಡಿ ಅಭ್ಯಾಸ.

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್‌ನ ಕೊಲೆ ಆಯಿತು. ಅದರ ಹಿಂದೆಯೇ ಯಹೂದಿಗಳ ಮೇಲೆ ದೊಂಬಿ, ಲೂಟಿ ಶುರುವಾಯಿತು. 1882ರ ಮೇ ತಿಂಗಳಲ್ಲಿ ಹೊಸ ಕಾನೂನು ಬಂತು. ಯಹೂದಿಗಳು ಪೇಟೆ ಬಿಟ್ಟು ಹಳ್ಳಿಗಳಲ್ಲಿ ಹೊಸದಾಗಿ ನೆಲೆಸುವಂತಿಲ್ಲ, ಅಲ್ಲಿ ಜಮೀನು ಕೊಳ್ಳುವಂತಿಲ್ಲ. ಹೀಗೆ ಬಾಗಿಲು ಹಾಕಿ, ಆಮೇಲೆ "ಇವರು ಬರೀ ವ್ಯಾಪಾರ ಮಾಡೋರು, ಮೈಬಗ್ಗಿಸಿ ದುಡಿಯಲ್ಲ" ಅಂತ ಬೈಯುವುದು.

ಆ ಮಾತು ಅವರ ಯುವಕರಿಗೆ ಚುಚ್ಚಿತು. ಅಮೆರಿಕಕ್ಕೆ ಹೋಗಿ ರೈತರೇ ಆಗಿ ತೋರಿಸುತ್ತೇವೆ ಅಂತ 'ಆಮ್ ಓಲಾಂ' ಅನ್ನೋ ಚಳವಳಿ ಕಟ್ಟಿದರು. 1882ರ ಮೇ 10ರಂದು ದಕ್ಷಿಣ ನ್ಯೂಜೆರ್ಸಿಯಲ್ಲಿ 43 ಕುಟುಂಬಗಳು ಬಂದು ಇಳಿದವು. ಆ ಊರಿನ ಹೆಸರು ಅಲಯನ್ಸ್. ಮೊದಲು ಎಲ್ಲರಿಗೂ ಒಂದೇ ಥರದ ಮರದ ಬ್ಯಾರಕ್. ನ್ಯೂಯಾರ್ಕಿನಲ್ಲಿ ವಲಸಿಗರನ್ನು ಇಳಿಸಿಕೊಳ್ಳುತ್ತಿದ್ದ ಜಾಗಕ್ಕೆ ಕ್ಯಾಸಲ್ ಗಾರ್ಡನ್ ಅಂತ ಹೆಸರಿತ್ತಲ್ಲ, ಈ ಬ್ಯಾರಕ್‌ಗೂ ತಮಾಷೆಗೆ ಅದೇ ಹೆಸರಿಟ್ಟರು. ಪತ್ರಕರ್ತ ಜಾರ್ಜ್ ಸೆಲ್ಡೆಸ್ ಹುಟ್ಟಿದ್ದು ಆ ಊರಿನಲ್ಲೇ.

ನೀವು ನೋಡಿದ ವುಡ್‌ಬೈನ್ ಒಂಬತ್ತು ವರ್ಷ ಆಮೇಲಿನದು, 1891ರದ್ದು. ಅದರ ಹಿಂದೆ ಇದ್ದ ದುಡ್ಡು ಬ್ಯಾರನ್ ಮೌರಿಸ್ ಡಿ ಹಿರ್ಷ್‌ನದು. ಮ್ಯೂನಿಕ್‌ನಲ್ಲಿ ಹುಟ್ಟಿದವನು, ಟರ್ಕಿ ಸಾಮ್ರಾಜ್ಯದಲ್ಲಿ ರೈಲು ಹಾಕಿಸಿ ಸಂಪಾದಿಸಿದವನು. ಅವನ ನಿಧಿಯವರು ಕೇಪ್ ಮೇ ಕೌಂಟಿಯಲ್ಲಿ 5,300 ಎಕರೆ ಕೊಂಡರು. ಒಂದು ಲೆಕ್ಕ ನೋಡಿ: ಸಿನಗಾಗ್ ಮುಗಿದ ವರ್ಷವೇ ಬ್ಯಾರನ್ ತೀರಿಕೊಂಡ.

ಮೂಡಿಗೆರೆ_ಕಾಫಿ

5,300 ಎಕರೆ ಕೊಂಡರು ಸರಿ. ಆದರೆ ಎಂಥ 5,300 ಎಕರೆ? ರಾಘು ಹೇಳಿದ ಪೈನ್, ಕುರುಚಲು ಓಕ್, ಬಿಳಿ ಮರಳು ಓದಿದರೆ ಸಾಕು. ಹುಳಿ ಮಣ್ಣು. ನೀರು ನಿಲ್ಲಲ್ಲ, ಗೊಬ್ಬರ ನಿಲ್ಲಲ್ಲ. ಅಲ್ಲಿನವರು ಯಾರೂ ಉಳದೆ ಬಿಟ್ಟ ನೆಲವನ್ನು ಹೊಸದಾಗಿ ರೈತನಾದವನ ತಲೆಗೆ ಕಟ್ಟಿದ್ದಾರೆ. ಅಗ್ಗಕ್ಕೆ ಸಿಕ್ಕಿರುತ್ತೆ ಅಷ್ಟೇ.

ಮತ್ತೆ ಬೊಡ್ಡೆ ಕೀಳುವ ಕೆಲಸ. ಮರ ಕಡಿಯೋದು ಸುಲಭ ಸ್ವಾಮಿ. ಬೊಡ್ಡೆ ಕೀಳೋದು ಜೀವ ತಿನ್ನುತ್ತೆ. ನಮ್ಮ ತೋಟದಲ್ಲಿ ಹಿಂದೆ ಎರಡು ಸಿಲ್ವರ್ ಓಕ್ ಬೊಡ್ಡೆ ತೆಗೆಯೋಕೆ ನಾಲ್ಕು ಆಳು ಮೂರು ದಿನ ಒದ್ದಾಡಿದ್ದರು. ಸುತ್ತ ಅಗೆಯಬೇಕು, ಒಂದೊಂದೇ ಬೇರು ಕಡಿಯಬೇಕು, ಆಮೇಲೆ ಹಾರೆ ಹಾಕಿ ಮೀಟಬೇಕು. ಹೊಲಿಗೆ ಸೂಜಿ ಹಿಡಿದ ಕೈಗೆ ಇದನ್ನು ಕೊಟ್ಟರೆ?

ಎಡಿಸನ್_ರಾಘು

ಕಾಫಿ ಸರ್, ಮ್ಯೂಸಿಯಂನಲ್ಲಿ ನನ್ನನ್ನೂ ಹಿಡಿದು ನಿಲ್ಲಿಸಿದ್ದು ಅದೇ. ಹಗಲೆಲ್ಲ ಬೊಡ್ಡೆ ಕಿತ್ತ ಕೈಯೇ ಸಿನಗಾಗಿಗೂ ಇಟ್ಟಿಗೆ ಹೊತ್ತಿದ್ದು. ಹೊರಗೆ ಬಂದ ಮೇಲೆ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದೆ. ಬಿಸಿಲಿಗೆ ಕಾದಿತ್ತು. ಮಗ "ಅಪ್ಪಾ, ಗೋಡೆಗೆ ಜ್ವರ ಬಂದಿದ್ಯಾ?" ಅಂದ.

ಗೇಣಿದಾರ್

ಮೇಷ್ಟ್ರು ಒಂದು ವಿಷಯ ಬಿಟ್ಟರು, ನಾನು ಹೇಳ್ತೀನಿ. ದಾನಿಗಳ ದುಡ್ಡಲ್ಲಿ ಊರು ಕಟ್ಟಿದರೆ ಏನಾಗುತ್ತೆ ಅಂತ ನಮಗೆ ಗೊತ್ತಿಲ್ವಾ? ವುಡ್‌ಬೈನ್‌ನಲ್ಲಿ ಮೊದಲ ಎರಡು ವರ್ಷದೊಳಗೇ ರೈತರಿಗೂ ನಿಧಿಯ ಟ್ರಸ್ಟಿಗಳಿಗೂ ಜಗಳ ಹತ್ತಿಕೊಂಡಿತ್ತು. ಜಗಳ ಕರಾರಿನ ಬಗ್ಗೆ. ಭೂಮಿ ಯಾರದ್ದು, ಸಾಲ ಎಷ್ಟು, ತೀರಿಸದಿದ್ದರೆ ಏನು. ಕಾಡು ಕಡಿದು ಹೊಲ ಮಾಡಿದವನು ಹಳ್ಳಿಯಲ್ಲಿ, ಕಾಗದ ನ್ಯೂಯಾರ್ಕಿನಲ್ಲಿ.

ನಮ್ಮ ತಾತ 1974ರ ಭೂಸುಧಾರಣೆ ಬರುವವರೆಗೂ ಗೇಣಿ ಅಳೆದವರು. ಆ ವರ್ಷ ಉಳುತ್ತಿದ್ದ ನೆಲ ತಮ್ಮ ಹೆಸರಿಗೆ ಕೇಳುವ ಏಳನೇ ನಂಬರ್ ಅರ್ಜಿ ಹಾಕೋಕೆ ಸಹಿ ಕಲಿತರು. ಹಾಗಾಗಿ "ಕರುಣಾಳು ಬ್ಯಾರನ್" ಕಥೆ ಓದಿದಾಗ ನಾನು ಮೊದಲು ಕೇಳೋದು ಪಹಣಿ ಯಾರ ಹೆಸರಲ್ಲಿತ್ತು ಅಂತ.

ಹಳೇಮೈಸೂರು_ಮೇಷ್ಟ್ರು

ಒಪ್ಪುತ್ತೇನೆ. ಆದರೂ ಆ ನಿಧಿಯವರು ಒಂದು ವಿಷಯದಲ್ಲಿ ಜಾಣರು. ಅಲಯನ್ಸ್ ಕಷ್ಟ ನೋಡಿ ಕಲಿತಿದ್ದರು. ಬರೀ ಬೇಸಾಯದಿಂದ ಹೊಟ್ಟೆ ತುಂಬಲ್ಲ ಅಂತ ಊರ ಮಧ್ಯೆ ಬಟ್ಟೆ ಹೊಲಿಯುವ ಕಾರ್ಖಾನೆಗಳನ್ನು ತಂದರು. ಸುತ್ತ ಹೊಲ, ನಡುವೆ ಕಾರ್ಖಾನೆ. ಮನೆಯಲ್ಲಿ ಒಬ್ಬರು ಹೊಲಕ್ಕೆ, ಒಬ್ಬರು ಮೆಷಿನ್‌ಗೆ.

ಊರನ್ನು ನಡೆಸಿದವರು ಹಿರ್ಷ್ ಲೋಬ್ ಸಬ್ಸೊವಿಚ್, ರಷ್ಯಾದಿಂದ ಬಂದ ಕೃಷಿ ವಿಜ್ಞಾನಿ. 1903ರಲ್ಲಿ ವುಡ್‌ಬೈನ್ ಸ್ವಂತ ಆಡಳಿತದ ಪುರಸಭೆಯಾಯಿತು. ಸಬ್ಸೊವಿಚ್ ಮೊದಲ ಮೇಯರ್. ಹಳ್ಳಿಗೆ ಕಾಲಿಡಬೇಡಿ ಅಂತ ಕಾನೂನು ಮಾಡಿಸಿಕೊಂಡು ಓಡಿಬಂದ ಜನ ಇಪ್ಪತ್ತೊಂದು ವರ್ಷಕ್ಕೆ ತಮ್ಮದೇ ಊರಿನ ಓಟು ಹಾಕುತ್ತಿದ್ದಾರೆ!

ಶಾರದಕ್ಕ_ಸಾಗರ

ನನ್ನದೊಂದು ಪ್ರಶ್ನೆ. ಪೆದ್ದು ಪ್ರಶ್ನೆ ಅಂತ ನಗಬೇಡಿ. ಶನಿವಾರ ಅವರು ಕೆಲಸ ಮಾಡಬಾರದು ಅಂತಾರಲ್ಲ. ಬೆಂಕಿ ಹೊತ್ತಿಸಬಾರದು, ಗಾಡಿ ಹತ್ತಬಾರದು. ಹಾಗಾದರೆ ಹಸು ಕರೆಯೋದು ಹೇಗೆ? ನಮ್ಮ ಮನೆ ಗೌರಿಗೆ ಭಾನುವಾರ, ಅಮಾವಾಸ್ಯೆ ಯಾವುದೂ ಇಲ್ಲ. ಅರ್ಧ ಗಂಟೆ ತಡವಾದರೆ ಕೊಟ್ಟಿಗೆ ಹಾರಿಹೋಗುವ ಹಾಗೆ ಕೂಗುತ್ತಾಳೆ.

ಬೋಸ್ಟನ್_ಭಟ್ಟ

ಅಕ್ಕಾ, ಈ ಎಳೆಯಲ್ಲೇ ಒಳ್ಳೆ ಪ್ರಶ್ನೆ ಇದು. ನನ್ನ ಜೊತೆ ಕೆಲಸ ಮಾಡುವ ಒಬ್ಬ ಸಂಪ್ರದಾಯಸ್ಥ ಯಹೂದಿಯನ್ನು ಕೇಳಿದೆ. ಅವನು ಖುಷಿಯಿಂದ ಒಂದು ಗಂಟೆ ಹೇಳಿದ. ಊಟವೇ ತಣ್ಣಗಾಯಿತು.

ಸಾರ ಇಷ್ಟು. ಪ್ರಾಣಿಗೆ ನೋವು ಕೊಡಬಾರದು ಅನ್ನೋದೂ ಅವರಲ್ಲಿ ದೊಡ್ಡ ನಿಯಮ. ಹಾಲು ಕಟ್ಟಿ ಕೆಚ್ಚಲು ಬಿಗಿದರೆ ಹಸುವಿಗೆ ನೋವು. ಆದ್ದರಿಂದ ಕರೆಯಲು ದಾರಿ ಇದೆ. ಹಳೆಯ ರೂಢಿ ಎಂದರೆ ಯಹೂದಿಯಲ್ಲದ ನೆರೆಯವರ ಕೈಲಿ ಕರೆಸುವುದು. ಅವರೂ ಸಿಗದಿದ್ದರೆ ತಾನೇ ಕರೆದು ಹಾಲನ್ನು ನೆಲಕ್ಕೆ ಬಿಡುವುದು. ಹಾಲು ಉಳಿಸಿಕೊಂಡರೆ ಅದು ದುಡಿಮೆ, ಚೆಲ್ಲಿದರೆ ಹಸುವಿನ ನೋವು ಕಳೆದ ಹಾಗೆ ಅಷ್ಟೇ.

ಇನ್ನೆರಡು ನಿಯಮ ಇವೆ, ಹಳ್ಳಿಯ ಸಿನಗಾಗಿಗೆ ಅವೇ ಪ್ರಾಣ. ಒಂದು, ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಜನ ವಯಸ್ಕ ಗಂಡಸರು ಬೇಕು. ಎರಡು, ಶನಿವಾರ ಗಾಡಿ ಹತ್ತುವಂತಿಲ್ಲ, ನಡೆದೇ ಬರಬೇಕು. ಈಗ ಯೋಚಿಸಿ. ಅಮೆರಿಕದ ಬೇಸಾಯ ಅಂದರೆ ಒಂದೊಂದು ಮನೆಗೂ ಮೈಲಿಗಟ್ಟಲೆ ದೂರ. ಅಲ್ಲಿ ಒಬ್ಬ ಯಹೂದಿ ಒಂಟಿಯಾಗಿ ಜಮೀನು ಮಾಡಿದರೆ ಪ್ರಾರ್ಥನೆಗೆ ಹತ್ತು ಜನ ಎಲ್ಲಿಂದ ತರ್ತಾನೆ? ಅದಕ್ಕೇ ಅವರು ಗುಂಪಾಗಿ ನೆಲೆಸಿದ್ದು, ಸಿನಗಾಗ್ ಮನೆಗಳಿಗೆ ನಡೆಯುವಷ್ಟು ಹತ್ತಿರ ಇದ್ದದ್ದು.

ಶಾರದಕ್ಕ_ಸಾಗರ

ಹಾಲು ನೆಲಕ್ಕೆ! ಓದಿ ಹೊಟ್ಟೆ ಉರಿಯಿತು ಮಾರಾಯ್ರೇ. ಆದರೆ ಹಸುವಿನ ಬಗ್ಗೆ ಯೋಚನೆ ಮಾಡಿದ್ದಾರಲ್ಲ, ಅದು ಸಮಾಧಾನ. ಹತ್ತು ಜನದ ಲೆಕ್ಕದಲ್ಲಿ ಹೆಂಗಸರು ಬರಲ್ಲ ಅಂದ ಹಾಗಾಯ್ತು. ಉಪ್ಪರಿಗೆಯಲ್ಲಿ ಕೂತು ನೋಡೋದು. ಇದೂ ಪರಿಚಿತವೇ.

ಸಸ್ಕಾಟೂನ್_ಸುಮಾ

ನಮ್ಮ ಕೆನಡಾದಲ್ಲೂ ಒಂದಿದೆ. ಸಸ್ಕಾಚೆವಾನ್‌ನ ಎಡೆನ್‌ಬ್ರಿಜ್, 1906ರಲ್ಲಿ ಶುರುವಾದ ಊರು. ಲಿಥುವೇನಿಯಾದ ಯಹೂದಿಗಳು ಮೊದಲು ದಕ್ಷಿಣ ಆಫ್ರಿಕಾಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದರು. ಹತ್ತು ಡಾಲರ್ ಕಟ್ಟಿದರೆ ಸರ್ಕಾರ 160 ಎಕರೆ ಕೊಡುತ್ತಿತ್ತು. ಕೇಳೋಕೆ ಲಾಟರಿ. ಆದರೆ ಇಲ್ಲಿನ ಚಳಿ ಮೈನಸ್ ನಲವತ್ತಕ್ಕೂ ಹೋಗುತ್ತೆ, ಅದು ಜಾಹೀರಾತಿನಲ್ಲಿ ಇರಲ್ಲ.

ಅಲ್ಲಿನ ಬೆತ್ ಇಸ್ರೇಲ್ ಸಿನಗಾಗ್ ಮರದ್ದು. ದೂರದಿಂದ ನೋಡಿದರೆ ಹಳ್ಳಿಯ ಚರ್ಚ್ ಅಂದುಕೊಳ್ಳಬೇಕು. ಊರಿನ ಹೆಸರಿನ ಕಥೆ ನನಗೆ ತುಂಬ ಇಷ್ಟ. ಪೂರ್ವ ಯುರೋಪಿನ ಯಹೂದಿಗಳ ಯಿದ್ದಿಶ್ ಭಾಷೆಯಲ್ಲಿ 'ಯಿದ್ನ್' ಅಂದರೆ ಯಹೂದಿಗಳು. ಕ್ಯಾರಟ್ ನದಿಗೆ ಅಲ್ಲೊಂದು ಸೇತುವೆ. ಅವರ ಬಾಯಲ್ಲಿ ಯಿದ್ನ್-ಬ್ರಿಜ್. ಅಂಚೆ ಇಲಾಖೆಯ ಕಿವಿಗೆ ಎಡೆನ್‌ಬ್ರಿಜ್. ಇಂಗ್ಲಿಷ್ ಹೆಸರಿನ ಒಳಗೆ ತಮ್ಮ ಹೆಸರನ್ನು ಬಚ್ಚಿಟ್ಟರು.

ಕೊಚ್ಚಿ_ಕಾಮತ್

ಭಾರತದ್ದೂ ಸ್ವಲ್ಪ ಸೇರಿಸ್ತೀನಿ. ಕೊಂಕಣದ ಬೆನೆ ಇಸ್ರೇಲಿಗಳು ಅನ್ನೋ ಯಹೂದಿಗಳು ಹಳ್ಳಿಗಳಲ್ಲೇ ಇದ್ದವರು. ಗಾಣದ ಕೆಲಸ. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೆ ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಅಂತ ಕರೆದರು. ಕೊಚ್ಚಿ ಕಡೆಯ ಯಹೂದಿಗಳು ಇಸ್ರೇಲಿಗೆ ಹೋದ ಮೇಲೆ ಹಲವರು ರೈತರಾದರು. 1954ರಿಂದ ನೆಗೆವ್ ಮರುಭೂಮಿಯ ನೆವಾಟಿಂನಲ್ಲಿ ನೆಲೆಸಿದರು. ಮಲಬಾರಿನ ಮಳೆ ಕಂಡವರು ಮರುಭೂಮಿಯಲ್ಲಿ ಹೂವು ಬೆಳೆದರು.

ನಿರ್ವಾಹಕರು

ಇಂದಿನ ಯುದ್ಧದ ಬಗ್ಗೆ ಬಂದ ಮೂರು ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಿದ್ದೇವೆ. ಇಲ್ಲಿ ವಿಷಯ ಹಳ್ಳಿ, ಹೊಲ, ಸಿನಗಾಗ್. ಅದಕ್ಕೇ ಅಂಟಿಕೊಳ್ಳಿ.

ಐಟಿ_ಬಿಟ್ಟವ

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ನೇರವಾಗಿ ಹೇಳಬೇಕೆಂದರೆ ಇದು ಸೋತ ಪ್ರಯೋಗ ತಾನೇ? ಈಗ ವುಡ್‌ಬೈನ್‌ನಲ್ಲಿ ಯಹೂದಿ ರೈತರು ಎಷ್ಟಿದ್ದಾರೆ? ಮಕ್ಕಳು ಓದಿ ಫಿಲಡೆಲ್ಫಿಯಾ, ನ್ಯೂಯಾರ್ಕ್ ಸೇರಿದರು. ಬ್ಯಾರನ್ ನಿಧಿಯವರು ಅಲ್ಲಿ ನಡೆಸುತ್ತಿದ್ದ ಕೃಷಿ ಶಾಲೆ 1917ಕ್ಕೇ ಮುಚ್ಚಿತು. ಉಳಿದಿದ್ದು ಕಟ್ಟಡ. ದಾನಿಯ ದುಡ್ಡು, ಸಾವಿರಾರು ಜನರ ಬೆವರು, ಕೊನೆಗೆ ಒಂದು ಮ್ಯೂಸಿಯಂ.

ನಾನೂ ಕೆಲಸ ಬಿಟ್ಟು ತುಮಕೂರು ಹತ್ತಿರ ಐದು ಎಕರೆ ಮಾಡಿದವನು. ನಾಲ್ಕು ವರ್ಷಕ್ಕೆ ಸಾಕಾಯ್ತು. ಬೋರ್‌ವೆಲ್ ಮೂರು ಸಲ ಕೊರೆಸಿದೆ. ಆದ್ದರಿಂದ ಈ ರೊಮ್ಯಾಂಟಿಕ್ ಕಥೆಗಳು ನನ್ನ ಹತ್ರ ನಡೆಯಲ್ಲ.

ಮೂಡಿಗೆರೆ_ಕಾಫಿ

ನಿಮ್ಮ ಬೋರ್‌ವೆಲ್‌ಗೆ ಸಂತಾಪ. ಆದರೆ ಸೋಲು ಅನ್ನೋಕೆ ಮುಂಚೆ ಒಂದು ಮಾತು. ಇವತ್ತು ನಮ್ಮ ಊರಿನ ಎಷ್ಟು ಮನೆಯಲ್ಲಿ ಮಕ್ಕಳಿದ್ದಾರೆ? ನನ್ನ ಮಗನೇ ಬೆಂಗಳೂರಲ್ಲಿ. ಹಾಗಂತ ನಮ್ಮಪ್ಪ ಮಾಡಿದ ತೋಟ ಸೋಲಾ? ಆ ತೋಟದ ದುಡ್ಡಲ್ಲೇ ಅವನು ಇಂಜಿನಿಯರಿಂಗ್ ಓದಿದ್ದು.

ಹಳೇಮೈಸೂರು_ಮೇಷ್ಟ್ರು

ಐಟಿ ಬಿಟ್ಟವರೇ, ನೀವು ಕೃಷಿ ಶಾಲೆ ಮುಚ್ಚಿತು ಅಂದಿರಿ. ನಿಜ. 1921ರಿಂದ ಆ ಜಾಗ ಸರ್ಕಾರದ ಬೇರೆ ಸಂಸ್ಥೆಗೆ ಹೋಯಿತು. ಆದರೆ ಅಲ್ಲಿ ಓದಿದ ಒಬ್ಬ ಹುಡುಗನ ಕಥೆ ಕೇಳಿ.

ಹೆಸರು ಜೇಕಬ್ ಲಿಪ್‌ಮನ್. ರಷ್ಯಾ ಸಾಮ್ರಾಜ್ಯದಲ್ಲಿ 1874ರಲ್ಲಿ ಹುಟ್ಟಿದವನು. ಮನೆಯವರೊಂದಿಗೆ ವುಡ್‌ಬೈನ್‌ಗೆ ಬಂದು ಬೇಸಾಯ ಮಾಡಿದ. ಬ್ಯಾರನ್ ಡಿ ಹಿರ್ಷ್ ಕೃಷಿ ಶಾಲೆಯಲ್ಲಿ ಕಲಿತ. ಅಲ್ಲಿಂದ ರಟ್ಗರ್ಸ್ ಕಾಲೇಜು. 1911ರಲ್ಲಿ ನ್ಯೂಜೆರ್ಸಿಯ ಕೃಷಿ ಸಂಶೋಧನಾ ಕೇಂದ್ರದ ನಿರ್ದೇಶಕನಾದ. ಅವನು ಹಿಡಿದ ವಿಷಯ ಮಣ್ಣು. ಅದರಲ್ಲೂ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು. 1916ರಲ್ಲಿ 'ಸಾಯಿಲ್ ಸೈನ್ಸ್' ಪತ್ರಿಕೆ ಶುರುಮಾಡಿದ.

ರಷ್ಯಾದಿಂದ ಆಗತಾನೇ ಬಂದ ಇನ್ನೊಬ್ಬ ಹುಡುಗ ಅವನ ಹತ್ತಿರ ಸಲಹೆ ಕೇಳಲು ಬಂದ. ಡಾಕ್ಟರ್ ಓದಲೋ ಕೃಷಿ ಓದಲೋ ಅಂತ. ಲಿಪ್‌ಮನ್ ಕೃಷಿಗೆ ಕರೆದುಕೊಂಡ. ಆ ಹುಡುಗ ಸೆಲ್ಮನ್ ವ್ಯಾಕ್ಸ್‌ಮನ್. 1943ರಲ್ಲಿ ಅವನ ಪ್ರಯೋಗಾಲಯದಲ್ಲೇ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು. ಕ್ಷಯಕ್ಕೆ ನಾಟಿದ ಮೊದಲ ಆಂಟಿಬಯೋಟಿಕ್. 1952ರಲ್ಲಿ ವ್ಯಾಕ್ಸ್‌ಮನ್‌ಗೆ ನೊಬೆಲ್ ಬಂತು.

ಬೋಸ್ಟನ್_ಭಟ್ಟ

ಮೇಷ್ಟ್ರೇ, ಅಲ್ಲೇ ನಿಲ್ಲಬೇಡಿ! ಕಂಡುಹಿಡಿದ ಕೈ ವ್ಯಾಕ್ಸ್‌ಮನ್‌ನದಲ್ಲ. ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್. ಅವನೂ ಕನೆಕ್ಟಿಕಟ್‌ನ ಯಹೂದಿ ರೈತ ಮನೆತನದವನೇ. ಓದಿ ಹೊಲಕ್ಕೇ ವಾಪಸ್ ಹೋಗಬೇಕು ಅಂತ ಮಣ್ಣಿನ ವಿಜ್ಞಾನ ಹಿಡಿದವನು. ತಿಂಗಳಿಗೆ 40 ಡಾಲರ್ ಸಂಬಳ. ಕ್ಷಯದ ರೋಗಾಣು ಅಂತ ಎಲ್ಲರಿಗೂ ಭಯ, ಹಾಗಾಗಿ ಅವನ ಕೆಲಸ ನೆಲಮಾಳಿಗೆಯಲ್ಲಿ. ಆ ಔಷಧ ಕೊಡುವ ಸೂಕ್ಷ್ಮಜೀವಿ ಎರಡು ಕಡೆ ಸಿಕ್ಕಿತು. ಒಂದು, ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣು. ಇನ್ನೊಂದು, ಒಂದು ಕೋಳಿಯ ಗಂಟಲು!

ಹೆಸರು, ದುಡ್ಡು ಎರಡೂ ಗುರುವಿಗೆ ಹೋದವು. ಶಾಟ್ಸ್ 1950ರಲ್ಲಿ ಕೋರ್ಟಿಗೆ ಹೋದ ಮೇಲೆ ಅವನನ್ನೂ ಸಹ-ಸಂಶೋಧಕ ಅಂತ ಒಪ್ಪಿಕೊಂಡರು. ನೊಬೆಲ್ ಮಾತ್ರ ಗುರುವಿಗೆ ಒಬ್ಬರಿಗೇ.

ಐಟಿ_ಬಿಟ್ಟವ

ಸರಿ ಸರಿ. ಆದರೆ ವುಡ್‌ಬೈನ್ ಮರಳಿನಿಂದ ನೊಬೆಲ್ ತನಕ ಗೆರೆ ಎಳೆಯೋದು ಸ್ವಲ್ಪ ಜಾಸ್ತಿ ಆಯ್ತು. ಲಿಪ್‌ಮನ್ ಬೇರೆ ಕಡೆ ಓದಿದ್ದರೂ ವಿಜ್ಞಾನಿ ಆಗುತ್ತಿದ್ದನೇನೋ.

ಹಳೇಮೈಸೂರು_ಮೇಷ್ಟ್ರು

ಆಗುತ್ತಿದ್ದನೇನೋ. ಆದರೆ ಮಣ್ಣನ್ನೇ ಹಿಡಿಯುತ್ತಿದ್ದನೇ? ನನ್ನ ಅನುಮಾನ ಅಷ್ಟೇ. ಏನು ಹಾಕಿದರೂ ನುಂಗಿ ಸುಮ್ನೆ ಕೂರುವ ಮರಳಿನಲ್ಲಿ ಬೆಳೆ ತೆಗೆಯಲು ಒದ್ದಾಡಿದ ಹುಡುಗನಿಗೆ "ಇದರೊಳಗೆ ಏನಿದೆ, ಏನಿಲ್ಲ" ಅನ್ನೋ ಪ್ರಶ್ನೆ ಹುಟ್ಟಿದರೆ ನನಗೆ ಆಶ್ಚರ್ಯ ಇಲ್ಲ. ಫಲವತ್ತಾದ ಕಪ್ಪು ನೆಲದಲ್ಲಿ ಹುಟ್ಟಿದವನು ಮಣ್ಣನ್ನು ನೋಡುವುದೇ ಇಲ್ಲ, ಬೆಳೆಯನ್ನು ನೋಡುತ್ತಾನೆ.

ಕುಷ್ಟಗಿ_ದಾಳಿಂಬೆ

ಸರ, ನಾನು ಇಷ್ಟೊತ್ತು ಸುಮ್ನೆ ಓದತಿದ್ದೆ. ಈಗ ಬಾಯಿ ಬಿಡಲೇಬೇಕು. ಸ್ಟ್ರೆಪ್ಟೊಮೈಸಿನ್ ಅಂದ್ರಲ್ಲ, ಅದು ನಮ್ಮ ಸ್ಟ್ರೆಪ್ಟೋಸೈಕ್ಲಿನ್ ಪುಡಿಯೇ ಏನು?

ನಮ್ಮ ಕಡೆ ದಾಳಿಂಬೆ ಬೆಳೆಯುವವರಿಗೆ ಆ ಸಣ್ಣ ಪಾಕೀಟು ಗೊತ್ತಿಲ್ಲದೆ ಇಲ್ಲ. ದುಂಡಾಣು ಅಂಗಮಾರಿ ಬಂದರೆ ಎಲೆ ಮೇಲೆ ಮೊದಲು ನೀರು ಕುಡಿದಂಥ ಚುಕ್ಕೆ. ಆಮೇಲೆ ಕಪ್ಪು. ಆಮೇಲೆ ಕಾಯಿ ಸೀಳುತ್ತದೆ. ಮಳೆಗಾಲದಲ್ಲಿ ಒಂದು ವಾರ ಮೋಡ ಕಟ್ಟಿದರೆ ತೋಟವೇ ಹೋಯಿತು. ಆಗ ಅಂಗಡಿಯವನು ಕೊಡುವುದು ಇದನ್ನೇ. ತಾಮ್ರದ ಔಷಧದ ಜೊತೆ ಬೆರೆಸಿ ಹೊಡೆಯೋದು. ಒಮ್ಮೆ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹೊಡೆದಿದ್ದೇನೆ.

ಬೋಸ್ಟನ್_ಭಟ್ಟ

ಹೌದು, ಅದೇ. ಸ್ಟ್ರೆಪ್ಟೊಮೈಸಿನ್ ಜೊತೆ ಸ್ವಲ್ಪ ಟೆಟ್ರಾಸೈಕ್ಲಿನ್ ಬೆರೆತಿರುತ್ತದೆ. ಆದರೆ ಹುಷಾರು ಸರ್. ಮನುಷ್ಯರ ಔಷಧವನ್ನು ಬೆಳೆಗೆ ಹೊಡೆದರೆ ರೋಗಾಣುಗಳು ಅದಕ್ಕೇ ಒಗ್ಗಿಕೊಳ್ಳುತ್ತವೆ ಅನ್ನೋ ಆತಂಕ ಇದೆ. ಬೆಳೆಗೆ ಬಳಸುವುದನ್ನು ನಿಲ್ಲಿಸಬೇಕು ಅನ್ನೋ ಮಾತೂ ಜೋರಾಗಿದೆ.

ಕುಷ್ಟಗಿ_ದಾಳಿಂಬೆ

ಗೊತ್ತದ ಸರ, ಕೃಷಿ ವಿಜ್ಞಾನಿಗಳೂ ಹೇಳ್ಯಾರ. ಈಗ ನಾನು ಸವರಿಕೆ, ಬಿದ್ದ ಎಲೆ ಆರಿಸಿ ಸುಡೋದು, ಮಳೆಗಾಲದ ಬಹಾರ್ (ಹೂ ಬಿಡಿಸಿ ಬೆಳೆ ತೆಗೆಯೋ ಹಂಗಾಮು) ಕೈಬಿಡೋದು ಇದರ ಮೇಲೇ ಜಾಸ್ತಿ ನಿಂತಿದ್ದೇನೆ. ಆದರೂ ಇದು ಒಂದು ಥರಾ ಅನಿಸಿತು. ರಾತ್ರಿ ಟಾರ್ಚ್ ಹಿಡಿದು ಹೊಡೆದ ಪುಡಿ ಗೊಬ್ಬರದ ಹೊಲದ್ದು, ಕೋಳಿ ಗಂಟಲಿನದ್ದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಎಡಿಸನ್_ರಾಘು

ನೋಡಿ, ಕೃಷಿ ವಿಭಾಗಕ್ಕೇ ಹಾಕಿದ್ದು ಒಳ್ಳೆದಾಯ್ತು. ಇನ್ನೊಂದು ಸುದ್ದಿ. ಅಲಯನ್ಸ್‌ನಲ್ಲಿ ಮೊದಲು ಬಂದವರ ವಂಶಸ್ಥರು ಈಚೆಗೆ ವಾಪಸ್ ಬಂದು ಅದೇ ನೆಲದಲ್ಲಿ ಬೇಸಾಯ ಶುರುಮಾಡಿದ್ದಾರೆ. ಐಟಿ ಬಿಟ್ಟವರೇ, ನಿಮಗೆ ಇದನ್ನು ಹೇಳಲೇಬೇಕಿತ್ತು.

ಐಟಿ_ಬಿಟ್ಟವ

ಬೋರ್‌ವೆಲ್ ಎಷ್ಟು ಅಡಿಗೆ ಸಿಕ್ಕಿತಂತೆ ಕೇಳಿ.

ಕುಷ್ಟಗಿ_ದಾಳಿಂಬೆ

ರಾಘು ಸರ, ಆ ಮರಳಿನಲ್ಲಿ ಅವರು ಏನು ಬೆಳೆದರು? ಅದನ್ನು ಯಾರೂ ಹೇಳಲೇ ಇಲ್ಲ.

ಎಡಿಸನ್_ರಾಘು

ಗೆಣಸು, ಜೋಳ, ಸ್ಟ್ರಾಬೆರಿ ಥರದ ಹಣ್ಣು, ತರಕಾರಿ. ಆಮೇಲೆ ಕೋಳಿ ಸಾಕಣೆ. ಕೋಳಿಗೆ ಮಣ್ಣು ಎಂಥದ್ದಾದರೇನು!

ಕುಷ್ಟಗಿ_ದಾಳಿಂಬೆ

ಗೆಣಸು ಸರಿ. ಮರಳಿಗೆ ಗೆಣಸೇ ಸೈ. ಮತ್ತೆ ಆ ಕಡೆ ಹೋದರೆ ಸಿನಗಾಗ್ ಜೊತೆ ಮಣ್ಣಿನದೂ ಒಂದು ಫೋಟೋ ಹಾಕ್ರಿ. ಹಿಡಿಯಲ್ಲಿ ಹಿಡಿದು, ಸ್ವಲ್ಪ ಒದ್ದೆ ಮಾಡಿ, ಉಂಡೆ ಕಟ್ಟತದೇನು ನೋಡಿ. ಮಣ್ಣನ್ನೇ ತರಬ್ಯಾಡ್ರಿ, ಏರ್‌ಪೋರ್ಟಿನಾಗ ಹಿಡಿತಾರ.

ಎಡಿಸನ್_ರಾಘು

ಮುಂದಿನ ತಿಂಗಳು ಹೋಗ್ತೀವಿ. ಮಗನ ಕೈಲಿ ಉಂಡೆ ಕಟ್ಟಿಸ್ತೀನಿ.